ಮನೆ ಮಾರೋದಿದ್ದರೆ ಬಾಗಿಲು ತೆರೆದಿಟ್ಟರೆ ಸಾಕೇ?

ರಾಜ್ಯದಲ್ಲಿ ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಿಂದ, ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಎಂಬ ನಿಯಮ ಬಂದಿತ್ತು. ಈ ಎರಡೂ ಸೇರಿ ಮನೆ ಮಾರುವವರಿಗೂ ಕೊಳ್ಳುವವರಿಗೂ ಬಿಸಿ ಮುಟ್ಟಿಸಿವೆ. ಕೊಳ್ಳುವವನು ಈಗ ಎರಡು ಸಲ ಯೋಚನೆ ಮಾಡ್ತಾನೆ. ಮಾರುವವನ ಮನೆ ಮುಂದೆ 'ಮಾರಾಟಕ್ಕಿದೆ' ಬೋರ್ಡ್ ಹೆಚ್ಚು ದಿನ ನೇತಾಡುತ್ತದೆ.

ಇಂಥ ಹೊತ್ತಿನಲ್ಲಿ ಮೊಬೈಲ್ ರೀಲ್‌ಗಳಲ್ಲಿ ಒಂದು ಹೊಸ ಸಲಹೆ ಓಡಾಡುತ್ತಿದೆ. ಅಮೆರಿಕದವರ ಹಾಗೆ 'ಓಪನ್ ಹೌಸ್' ಇಡಿ, ಅಂದರೆ ಒಂದು ಭಾನುವಾರ ಮನೆಯ ಬಾಗಿಲು ತೆರೆದಿಟ್ಟು ಯಾರು ಬೇಕಾದರೂ ಬಂದು ನೋಡಲಿ ಎಂದು ಬಿಡಿ, ಮನೆ ಬೇಗ ಹೋಗುತ್ತದೆ ಎಂಬ ಸಲಹೆ. ಇದು ನಿಜವೇ? ಬೆಳಗಾವಿಯ ಹಿಂದವಾಡಿಯಂಥ ಬಡಾವಣೆಯಲ್ಲಿ ಇದು ನಡೆಯುತ್ತದೆಯೇ? ವ್ಯಾಪಾರಕ್ಕೆ, ನೌಕರಿಗೆ ಎಂದು ಕರಾವಳಿಯಿಂದ ಬಂದು ಇಲ್ಲಿ ಮನೆ ಮಾಡಿಕೊಂಡ ನಮ್ಮವರಿಗೆ, ಮತ್ತೆ ಊರಿಗೆ ಮರಳುವಾಗ ಇಲ್ಲಿನ ಮನೆ ಮಾರಬೇಕಾದ ನಮ್ಮವರಿಗೆ, ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ಒಂದು ಕುಟುಂಬದ ಇಪ್ಪತ್ತು ಮೂವತ್ತು ವರ್ಷದ ದುಡಿಮೆ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಇರುತ್ತದೆ. ಅದು ಎಷ್ಟಕ್ಕೆ ಹೋಗುತ್ತದೆ ಎಂಬುದು ಮಗಳ ನಿಕಾಹ್‌ನಿಂದ ಹಿಡಿದು ಉಮ್ಮನ ಆಸ್ಪತ್ರೆ ಖರ್ಚಿನವರೆಗೆ ಎಲ್ಲವನ್ನೂ ನಿರ್ಧರಿಸುತ್ತದೆ.

ಅಲ್ಲಿ ನಡೆಯುವುದೇನು?

ಅಮೆರಿಕದಲ್ಲಿ ಮನೆ ಮಾರಾಟ ಏಜೆಂಟರ ಕೈಯಲ್ಲಿದೆ. ವಾರಾಂತ್ಯದ ಒಂದು ಮಧ್ಯಾಹ್ನ ರಸ್ತೆಯ ಮೂಲೆಯಲ್ಲಿ ಬೋರ್ಡ್ ಇಟ್ಟು, ಮನೆಯವರನ್ನು ಹೊರಗೆ ಕಳಿಸಿ, ಎರಡು ಮೂರು ಗಂಟೆ ಬಾಗಿಲು ತೆರೆದಿಡುತ್ತಾರೆ. ಫೋನ್ ಮಾಡಿ ಬರಬೇಕಿಲ್ಲ. ಆಸ್ಟ್ರೇಲಿಯದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಅಲ್ಲಿ ಕೆಲವು ವಾರ ಹೀಗೆ ತೆರೆದಿಟ್ಟು, ಕೊನೆಗೊಂದು ಶನಿವಾರ ಮನೆಯ ಮುಂದೆಯೇ ಹರಾಜು ಕೂಗುವುದು ಸಾಮಾನ್ಯ.

ಆದರೆ ಅಮೆರಿಕದ ಏಜೆಂಟರ ಸಂಘವೇ ಪ್ರತಿ ವರ್ಷ ಮನೆ ಕೊಂಡವರನ್ನು ಕೇಳಿ ಮಾಡುವ ಸಮೀಕ್ಷೆಗಳು ಹೇಳುವುದು ಬೇರೆ. ತಾವು ಕೊಂಡ ಮನೆಯನ್ನು ಮೊದಲು ಕಂಡದ್ದು ಎಲ್ಲಿ ಎಂದು ಕೇಳಿದರೆ, ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಜನ ಹೇಳುವುದು ಇಂಟರ್‌ನೆಟ್‌ನಲ್ಲಿ ಎಂದು. ಆಮೇಲೆ ಏಜೆಂಟರ ಮೂಲಕ. ರಸ್ತೆಯ ಬೋರ್ಡ್ ಅಥವಾ ಓಪನ್ ಹೌಸ್‌ನಿಂದ ಕಂಡೆವು ಎನ್ನುವವರು ಬಹಳ ಕಡಿಮೆ. ಹಾಗಾದರೆ ಏಜೆಂಟರು ಯಾಕೆ ಭಾನುವಾರ ಹಾಳು ಮಾಡಿಕೊಂಡು ಅಲ್ಲಿ ನಿಲ್ಲುತ್ತಾರೆ? ಅಲ್ಲಿಗೆ ಬರುವವರಲ್ಲಿ ಈ ಮನೆ ಬೇಡ ಎಂದವರು ನಾಳೆ ಅವರ ಗಿರಾಕಿಗಳಾಗುತ್ತಾರೆ. ಮನೆ ನಿಮ್ಮದು, ಅದರ ಪ್ರಚಾರ ಏಜೆಂಟನದು. 2024ರ ಆಗಸ್ಟ್‌ನಿಂದ ಅಲ್ಲಿ ಏಜೆಂಟನ ಜೊತೆ ಮನೆ ನೋಡಲು ಹೋಗುವ ಮೊದಲು ಲಿಖಿತ ಒಪ್ಪಂದಕ್ಕೆ ಸಹಿ ಹಾಕಬೇಕು ಎಂಬ ನಿಯಮ ಬಂತು. ಓಪನ್ ಹೌಸ್‌ಗೆ ತಾನಾಗಿ ಹೋಗಿ ನೋಡುವವರಿಗೆ ಆ ಕಟ್ಟುಪಾಡು ಇಲ್ಲ. ಹೀಗಾಗಿ ಈ ಪದ್ಧತಿಗೆ ಅಲ್ಲಿ ಮತ್ತೆ ಜೀವ ಬಂದಿದೆ. ಅದು ಅಲ್ಲಿನ ಕಾರಣ, ನಮ್ಮದಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚೆನ್ನಾಗಿರುವ, ಬೇಡಿಕೆ ಇರುವ ಮನೆಯನ್ನೇ ಏಜೆಂಟರು ಹೆಚ್ಚಾಗಿ ತೆರೆದಿಡುತ್ತಾರೆ. ಅದು ಬೇಗ ಮಾರಾಟವಾದರೆ ಬಾಗಿಲು ತೆರೆದದ್ದಕ್ಕೆ ಆಯಿತೋ, ಮನೆ ಚೆನ್ನಾಗಿದ್ದದ್ದಕ್ಕೆ ಆಯಿತೋ ಹೇಳುವುದು ಕಷ್ಟ.

ಒಬ್ಬ ಹೆಚ್ಚು ಗಿರಾಕಿಯ ಬೆಲೆ

ಹಾಗಂತ ಇಡೀ ವಿಚಾರವನ್ನು ಬದಿಗೆ ತಳ್ಳಿಬಿಡುವ ಹಾಗೂ ಇಲ್ಲ. 1996ರಲ್ಲಿ ಜೆರೆಮಿ ಬುಲೋ ಮತ್ತು ಪೌಲ್ ಕ್ಲೆಂಪರರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ ಒಂದು ಮಾತಿದೆ. ಮಾರುವವನು ಎಷ್ಟೇ ಜಾಣತನದಿಂದ ಚೌಕಾಸಿ ಮಾಡಲಿ, ಅದರಿಂದ ಸಿಗುವ ಲಾಭಕ್ಕಿಂತ ಪೈಪೋಟಿಗೆ ಇನ್ನೊಬ್ಬ ನಿಜವಾದ ಗಿರಾಕಿ ಸೇರಿದರೆ ಸಿಗುವ ಲಾಭವೇ ಸಾಮಾನ್ಯವಾಗಿ ಹೆಚ್ಚು. ಮೀನು ಮಾರುಕಟ್ಟೆಯಲ್ಲಿ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಬ್ಬನೇ ಗಿರಾಕಿ ಇದ್ದರೆ ಅಂಜಲ್‌ಗೂ ಬಂಗುಡೆ ರೇಟ್ ಕೇಳ್ತಾನೆ. ಹತ್ತು ಜನ ನಿಂತಿದ್ದರೆ ಯಾರೂ ಹಾಗೆ ಕೇಳುವುದಿಲ್ಲ.

ನಮ್ಮಲ್ಲಿ ಮನೆ ಮಾರಾಟ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ. 'ಮನೆ ಮಾರ್ತಾರಂತೆ' ಎಂದರೆ ಸಾಕು, 'ಸಾಲ ಆಗಿದೆಯಾ? ಗಲ್ಫ್‌ನಲ್ಲಿ ಕೆಲಸ ಹೋಯ್ತಾ?' ಎಂದು ಕೇಳುವ ಊರು ನಮ್ಮದು. ಆ ಮಾತಿಗೆ ಹೆದರಿ ಮನೆಯವರು ವಿಷಯವನ್ನು ಗುಟ್ಟಾಗಿಡುತ್ತಾರೆ. ಒಬ್ಬ ಬ್ರೋಕರ್‌ಗೆ, ಇಬ್ಬರು ನೆಂಟರಿಗೆ, ಒಂದು ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ಹೇಳುತ್ತಾರೆ. ಗುಟ್ಟು ಹೆಚ್ಚಿದಷ್ಟೂ ಗಿರಾಕಿ ಕಡಿಮೆ. ಗಿರಾಕಿ ಕಡಿಮೆಯಾದಷ್ಟೂ ಬೆಲೆ ಇಳಿಯುತ್ತದೆ. ಮಾನ ಉಳಿಸಲು ಹೋಗಿ ಹಣ ಕಳೆದುಕೊಳ್ಳುವುದು ಎಂದರೆ ಇದೇ.

ಬ್ರೋಕರ್‌ನ ಲೆಕ್ಕವೂ ನಿಮ್ಮ ಲೆಕ್ಕವೂ ಒಂದೇ ಅಲ್ಲ. 80 ಲಕ್ಷದ ಮನೆ 76ಕ್ಕೆ ಹೋದರೆ ನಿಮಗೆ 4 ಲಕ್ಷ ನಷ್ಟ. ಶೇ. 1ರ ಕಮಿಷನ್ ಪಡೆಯುವವನಿಗೆ 4 ಸಾವಿರ ಮಾತ್ರ. ಅವನಿಗೆ ಬೇಗ ಮುಗಿಯುವುದೇ ಲಾಭ. 2008ರಲ್ಲಿ ಪ್ರಕಟವಾದ ಲೆವಿಟ್ ಮತ್ತು ಸೈವರ್ಸನ್ ಅವರ ಅಧ್ಯಯನ ಶಿಕಾಗೋ ಸುತ್ತಲಿನ ಮಾರಾಟಗಳನ್ನು ನೋಡಿ ಇದನ್ನೇ ಹೇಳಿತು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಬ್ರೋಕರ್ ಕೆಟ್ಟವನು ಎಂದಲ್ಲ. ಅವನ ಜೇಬು ಬೇರೆ, ನಿಮ್ಮ ಜೇಬು ಬೇರೆ ಎಂಬುದು ನೆನಪಿರಬೇಕು, ಅಷ್ಟೇ.

ಹಿಂದವಾಡಿಯ ಲೆಕ್ಕ

ಈಗ ಹಿಂದವಾಡಿಗೆ ಬರೋಣ. ತಿಲಕವಾಡಿಗೆ ಅಂಟಿಕೊಂಡ ಈ ಬಡಾವಣೆಗೆ ಗೋವಾವೇಸ್ ಹತ್ತಿರ, ಆರ್‌ಪಿಡಿ ಕಾಲೇಜು ಹತ್ತಿರ. ಕಾಂಪೌಂಡ್ ಇರುವ ಹಳೆಯ ಒಂಟಿ ಮನೆಗಳೂ ಹೊಸ ಅಪಾರ್ಟ್‌ಮೆಂಟ್‌ಗಳೂ ಅಕ್ಕಪಕ್ಕ ಇವೆ. ಬೆಳಗಾವಿ 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಊರು. ವಿಟಿಯು, ವೈದ್ಯಕೀಯ ಕಾಲೇಜು, ಮಿಲಿಟರಿ ಕೇಂದ್ರ ಎಂದು ಹೊರಗಿನವರು ಬಂದು ಹೋಗುವ ಊರೂ ಹೌದು. ಆದರೂ ಇದು ಬೆಂಗಳೂರಲ್ಲ. ಅಲ್ಲಿ ಒಂದು ಫ್ಲಾಟ್‌ಗೆ ಒಂದು ಭಾನುವಾರ ಇಪ್ಪತ್ತು ಜನ ಬರಬಹುದು. ಇಲ್ಲಿ ಒಂದು ಹಳೆಯ ಬಂಗಲೆಗೆ ನಿಜವಾಗಿ ಕೊಳ್ಳುವ ತಾಕತ್ತಿರುವವರು ಬೆರಳೆಣಿಕೆಯಷ್ಟು. ಬೋರ್ಡ್ ನೋಡಿ ದಾರಿಯಲ್ಲಿ ಹೋಗುವವರು ಒಳಗೆ ಬಂದು ಮನೆ ಕೊಳ್ಳುತ್ತಾರೆ ಎಂದು ಕಾಯುವುದು ಬೇಡ.

ಆದ್ದರಿಂದ ಇಲ್ಲಿ ಬಾಗಿಲು ತೆರೆಯುವ ಮುಂಚೆ ಸುದ್ದಿ ಹರಡಬೇಕು. ಹಿಂದವಾಡಿಯಲ್ಲಿ ಮರಾಠಿ ಮಾತಾಡುವವರೂ ಕನ್ನಡದವರೂ ಒಟ್ಟಿಗೆ ಇದ್ದಾರೆ, ಜೈನ ಕುಟುಂಬಗಳು ಇವೆ. ಬೋರ್ಡ್, ಜಾಹೀರಾತು ಎರಡೂ ಭಾಷೆಯಲ್ಲಿ ಇರಲಿ. ಕನ್ನಡ ಪತ್ರಿಕೆಯ ಜೊತೆಗೆ ಬೆಳಗಾವಿಯಿಂದ ಹೊರಡುವ ಮರಾಠಿ 'ತರುಣ ಭಾರತ'ದಲ್ಲೂ ಒಂದು ಸಣ್ಣ ವರ್ಗೀಕೃತ ಜಾಹೀರಾತು ಹಾಕಿದರೆ ಗಿರಾಕಿಗಳ ಬಳಗ ದೊಡ್ಡದಾಗುತ್ತದೆ. ನಮ್ಮವರ ಗುಂಪಿನಲ್ಲಿ ಮಾತ್ರ ಹೇಳಿದರೆ ಇಡೀ ಊರಿನ ಗಿರಾಕಿಗಳನ್ನು ನಾವೇ ದೂರ ಇಟ್ಟಂತೆ.

ಇಲ್ಲಿ ಒಂದು ಸೂಕ್ಷ್ಮ ಮಾತು ಹೇಳಲೇಬೇಕು. ಹೆಸರು ಕೇಳಿದ ಕೂಡಲೇ 'ಮನೆ ಆಗಲೇ ಹೋಯ್ತು' ಎನ್ನುವ ಉತ್ತರ ನಮ್ಮ ಮಕ್ಕಳಿಗೆ ಹೊಸದಲ್ಲ. ಬಾಡಿಗೆಗೂ ಅದೇ, ಖರೀದಿಗೂ ಅದೇ. ಮುಚ್ಚಿದ ಬಾಗಿಲಿನ ಹಿಂದೆ, ಬ್ರೋಕರ್‌ನ ಪಿಸುಮಾತಿನಲ್ಲಿ ನಡೆಯುವ ವ್ಯವಹಾರದಲ್ಲಿ ಈ ಆರಿಸುವಿಕೆ ಸುಲಭ. ಎಲ್ಲರಿಗೂ ಒಂದೇ ಸಮಯ, ಎಲ್ಲರಿಗೂ ಒಂದೇ ಬೆಲೆ ಎಂದು ತೆರೆದಿಟ್ಟ ಮನೆಯಲ್ಲಿ ಅದು ಅಷ್ಟು ಸುಲಭವಲ್ಲ. ಕೊಳ್ಳುವ ಕಡೆ ನಿಂತಾಗ ನಾವು ಬಯಸುವ ಈ ನ್ಯಾಯವನ್ನು ಮಾರುವ ಕಡೆ ನಿಂತಾಗ ನಾವೂ ಕೊಡಬೇಕು. ಬಂದವರ ಜಾತಿ ಧರ್ಮ ನೋಡದೆ ಮನೆ ತೋರಿಸೋಣ. ಅದು ನ್ಯಾಯವೂ ಹೌದು, ಒಳ್ಳೆಯ ಬೆಲೆಯ ದಾರಿಯೂ ಹೌದು.

ಮನೆಯೊಳಗಿನವರ ನೆಮ್ಮದಿ

ಓಪನ್ ಹೌಸ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಆಕ್ಷೇಪ, 'ಹೆಂಗಸರಿರುವ ಮನೆಗೆ ಕಂಡವರನ್ನೆಲ್ಲ ಬಿಡೋದು ಹೇಗೆ?' ಎಂಬುದು. ಸರಿಯಾದ ಪ್ರಶ್ನೆಯೇ. ಆದರೆ ಈಗ ನಡೆಯುತ್ತಿರುವುದು ಏನು? ಬ್ರೋಕರ್ ಬೆಳಗ್ಗೆ ಹನ್ನೊಂದಕ್ಕೆ ಒಬ್ಬರನ್ನು, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಬ್ಬರನ್ನು, ಮಗ್ರಿಬ್ ಹೊತ್ತಿಗೆ ಮತ್ತೊಬ್ಬರನ್ನು ಕರೆತರುತ್ತಾನೆ. ತಿಂಗಳುಗಟ್ಟಲೆ ಮನೆಯವರಿಗೆ ನೆಮ್ಮದಿ ಇಲ್ಲ. ಅದಕ್ಕಿಂತ ವಾರಕ್ಕೆ ಒಂದು ದಿನ, ಎರಡು ಗಂಟೆ, ಮನೆಯ ಹೆಂಗಸರು ಮಕ್ಕಳು ನೆಂಟರ ಮನೆಗೆ ಹೋಗಿರುವ ಹೊತ್ತು ಗೊತ್ತು ಮಾಡುವುದು ಎಷ್ಟೋ ಮೇಲು.

ನಮ್ಮ ಸಲಹೆ ಇದು. ಪೂರ್ತಿ ತೆರೆದ ಬಾಗಿಲು ಬೇಡ, ಅರ್ಧ ತೆರೆದ ಬಾಗಿಲು ಸಾಕು. ಫೋನ್ ಮಾಡಿ ಹೆಸರು ನಂಬರ್ ಕೊಟ್ಟವರಿಗೆ ಮಾತ್ರ ಭಾನುವಾರ ಹತ್ತರಿಂದ ಹನ್ನೆರಡರ ಒಳಗೆ ಬನ್ನಿ ಎನ್ನಿ. ಎಲ್ಲರನ್ನೂ ಅದೇ ಎರಡು ಗಂಟೆಯೊಳಗೆ ಕರೆಯುವುದು ಮುಖ್ಯ. ಒಬ್ಬರು ಹೊರಡುವಾಗ ಇನ್ನೊಬ್ಬರು ಗೇಟು ದಾಟಿ ಬರುತ್ತಿದ್ದರೆ ಅದೇ ಪೈಪೋಟಿ. ಬೆಲೆಬಾಳುವ ವಸ್ತು, ಆಭರಣ, ಪಾಸ್‌ಪೋರ್ಟ್, ಮೂಲ ದಾಖಲೆ ಆ ದಿನ ಮನೆಯಲ್ಲಿರಬಾರದು. ಮನೆಯ ಇಬ್ಬರು ಗಂಡಸರು ಜೊತೆಗಿರಲಿ. ಪಕ್ಕದ ಮನೆಯವರು ಬರೀ ನೋಡಲು ಬಂದರೂ ಬೇಸರ ಬೇಡ. ಅವರ ತಂಗಿಗೋ ಅಳಿಯನಿಗೋ ಹತ್ತಿರದಲ್ಲೇ ಮನೆ ಬೇಕಾಗಿರಬಹುದು. ಬಡಾವಣೆಯಲ್ಲಿ ಸುದ್ದಿ ಹರಡುವುದು ಅವರಿಂದಲೇ.

ಪಕ್ಕದವರ ಮಾತು ಬಂದಾಗ ಶುಫಾ ನೆನಪಾಗುತ್ತದೆ. ಹನಫಿ ಮದ್‌ಹಬ್‌ನಲ್ಲಿ ಪಕ್ಕದ ಆಸ್ತಿಯವರಿಗೂ ಮೊದಲು ಕೊಳ್ಳುವ ಹಕ್ಕನ್ನು ಹೇಳಿದೆ. ನಮ್ಮ ಬ್ಯಾರಿಗಳಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಅದು ಆಸ್ತಿಯ ಪಾಲುದಾರರಿಗೆ ಮಾತ್ರ. ಬರೀ ನೆರೆಹೊರೆ ಎಂಬ ಕಾರಣಕ್ಕೆ ಮೊದಲ ಹಕ್ಕು ಕೊಡುವ ಕಾನೂನನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಒಪ್ಪಲಿಲ್ಲ. ಆದರೂ ಪಾಲುದಾರರಿಗೂ ಪಕ್ಕದವರಿಗೂ ಮೊದಲು ಒಂದು ಮಾತು ಹೇಳುವುದು ಒಳ್ಳೆಯ ನಡತೆ. ಹೇಳಿದ ಮೇಲೆ ಮಾರುಕಟ್ಟೆಗೆ ಇಡೋಣ.

ಮಳೆಯಲ್ಲಿ ತೋರಿಸಬೇಕೇ?

ಬೆಳಗಾವಿಯ ಮಳೆ ಗೊತ್ತಿರುವವರು ಮಳೆಗಾಲದಲ್ಲಿ ಮನೆ ತೋರಿಸಲು ಹಿಂಜರಿಯುತ್ತಾರೆ. ಖಾನಾಪುರದ ಕಡೆ ಕೇಳುವುದೇ ಬೇಡ, ಪಶ್ಚಿಮ ಘಟ್ಟದ ಮಳೆ. ಗೋಡೆಯ ತೇವ, ತಾರಸಿಯ ಸೋರಿಕೆ ಎಲ್ಲ ಆಗಲೇ ಕಾಣುವುದು. ಆದರೆ ಕೊಳ್ಳುವವರೂ ಈಗ ಜಾಣರು. 2019ರ ಆಗಸ್ಟ್ ಪ್ರವಾಹದ ನಂತರ ಇಲ್ಲಿ ಮನೆ ನೋಡಲು ಬರುವವರು 'ಆ ವರ್ಷ ಇಲ್ಲಿ ನೀರು ನಿಂತಿತ್ತಾ?' ಎಂದು ಕೇಳದೆ ಇರುವುದಿಲ್ಲ. ನೀರು ನಿಂತಿರದಿದ್ದರೆ ಮಳೆಗಾಲದಲ್ಲೇ ಧೈರ್ಯವಾಗಿ ತೋರಿಸಿ. ಅದಕ್ಕಿಂತ ದೊಡ್ಡ ಜಾಹೀರಾತು ಬೇರೆ ಇಲ್ಲ. ಸೋರುತ್ತಿದ್ದರೆ ಮೊದಲು ರಿಪೇರಿ ಮಾಡಿಸಿ, ಆಗದಿದ್ದರೆ ಹೇಳಿಬಿಡಿ. ಬಣ್ಣ ಬಳಿದು ತೇವ ಮುಚ್ಚುವುದು, ಬಾವಿಯ ನೀರು ಬೇಸಿಗೆಯಲ್ಲಿ ಬತ್ತುವುದನ್ನು ಹೇಳದಿರುವುದು ವ್ಯಾಪಾರವಲ್ಲ. ಮಾಲಿನ ಐಬು ಮುಚ್ಚಿ ಮಾರಬಾರದು ಎಂಬ ಪಾಠ ನಮಗೆ ಮದ್ರಸದಲ್ಲೇ ಸಿಕ್ಕಿದೆ.

ಬಾಗಿಲಿಗಿಂತ ಮೊದಲು ಫೈಲು ತೆರೆಯಬೇಕು

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಒಂದೇ. ಮನೆ ಮಾರಾಟ ನಿಲ್ಲುವುದು ನೋಡುವವರಿಲ್ಲದೆ ಎನ್ನುವುದಕ್ಕಿಂತ ಕಾಗದಪತ್ರ ಸರಿ ಇಲ್ಲದೆ. ಹತ್ತು ಜನ ಬಂದು ಇಬ್ಬರು ಒಪ್ಪಿದರು ಎಂದಿಟ್ಟುಕೊಳ್ಳಿ. ಅವರು ಮರುದಿನ ವಕೀಲರನ್ನು ಕಳಿಸುತ್ತಾರೆ, ಬ್ಯಾಂಕ್ ಸಾಲಕ್ಕೆ ದಾಖಲೆ ಕೇಳುತ್ತದೆ. ಆಗ ಫೈಲು ಖಾಲಿ ಇದ್ದರೆ ಭಾನುವಾರದ ಪೈಪೋಟಿ ಸೋಮವಾರಕ್ಕೆ ಆರಿಹೋಗುತ್ತದೆ.

ನಗರದೊಳಗಿನ ಮನೆಗೆ ಸಿಟಿ ಸರ್ವೆಯ ಪಿಆರ್ ಕಾರ್ಡ್, ಪಾಲಿಕೆಯ ಇ-ಖಾತಾ, ಋಣಭಾರ ಪತ್ರ ಅಂದರೆ ಇಸಿ, ಕಟ್ಟಡ ಪರವಾನಗಿ, ತೆರಿಗೆ ರಸೀದಿ, ಹಳೆಯ ಕ್ರಯಪತ್ರಗಳ ಸರಣಿ ಬೇಕು. ಖಾನಾಪುರದ ಕಡೆ ಹಳ್ಳಿ ಮನೆ, ಪ್ಲಾಟ್ ಆದರೆ ಉತಾರ, ಎನ್‌ಎ ಆದೇಶ, ಪಂಚಾಯಿತಿಯ ಇ-ಸ್ವತ್ತು ಫಾರ್ಮ್ 9 ಮತ್ತು 11 ಕೇಳುತ್ತಾರೆ. ಎನ್‌ಎ ಆಗದ ಜಮೀನಿನಲ್ಲಿ ಕಟ್ಟಿದ ಮನೆಗೆ ಎಷ್ಟು ಭಾನುವಾರ ಬಾಗಿಲು ತೆರೆದರೂ ಬ್ಯಾಂಕ್ ಸಾಲದಲ್ಲಿ ಕೊಳ್ಳುವವರು ಸಿಗುವುದು ಕಷ್ಟ. ಇಸಿಯನ್ನು ಈಗ ಕಾವೇರಿ ಜಾಲತಾಣದಲ್ಲೇ ಪಡೆಯಬಹುದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಅದೊಂದು ಅನುಕೂಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಬಾಪ ತೀರಿಕೊಂಡ ಮೇಲೆ ಮನೆ ಅವರ ಹೆಸರಿನಲ್ಲೇ ಉಳಿದಿರುತ್ತದೆ, ಹಿರಿಯ ಮಗ ಮಾರಲು ಹೊರಡುತ್ತಾನೆ. ಮುಸ್ಲಿಂ ವಾರಸಾ ಕಾನೂನಿನಲ್ಲಿ ಅವನಿಗೆ ಸಿಗುವುದು ಅವನ ಪಾಲು ಮಾತ್ರ. ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು ಭಾಗ, ಮಗನ ಪಾಲಿನ ಅರ್ಧ ಮಗಳಿಗೆ. ಮದುವೆಯಾಗಿ ಹೋದ ತಂಗಿಯ ಪಾಲು ವರದಕ್ಷಿಣೆಯಲ್ಲಿ ತೀರಿತು ಎನ್ನುವ ಮಾತು ಕಾನೂನಿನಲ್ಲೂ ನಿಲ್ಲುವುದಿಲ್ಲ, ದೀನಿನಲ್ಲೂ ನಿಲ್ಲುವುದಿಲ್ಲ. ಎಲ್ಲ ವಾರಸುದಾರರ ಸಹಿ ಬೇಕು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿಯ ಪ್ರಶ್ನೆ ಬರುತ್ತದೆ. ತಾಯಿಯ ಸಹಿ ಒಂದೇ ಅದಕ್ಕೆ ಸಾಲದು. ಇವೆಲ್ಲ ಬೋರ್ಡ್ ಹಾಕುವ ಮೊದಲೇ ಕೂತು ಮುಗಿಸಬೇಕಾದ ಮಾತುಗಳು.

ಗಲ್ಫ್‌ನಲ್ಲಿರುವವರ ಹೆಸರಿನಲ್ಲಿ ಮನೆ ಇದ್ದರೆ ಇನ್ನೂ ಎಚ್ಚರ ಬೇಕು. ಇಲ್ಲಿರುವವರು 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮನೆ ಮಾರಿದರೆ ಕೊಳ್ಳುವವರು ಕಡಿತ ಮಾಡುವ ಟಿಡಿಎಸ್ ಶೇ. 1. ಮಾರುವವರು ಅನಿವಾಸಿಯಾದರೆ ಈ ಲೆಕ್ಕವೇ ಬೇರೆ. 2024ರ ಜುಲೈ 23ರ ನಂತರ ದೀರ್ಘಾವಧಿ ಲಾಭದ ದರ ಶೇ. 12.5, ಮೇಲೆ ಸರ್‌ಚಾರ್ಜ್, ಸೆಸ್. ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಮೊದಲೇ ತಾರದಿದ್ದರೆ ಕೊಳ್ಳುವವರು ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ ಕಡಿತ ಮಾಡುತ್ತಾರೆ. 80 ಲಕ್ಷದ ಮನೆಯಲ್ಲಿ 10 ಲಕ್ಷಕ್ಕೂ ಮಿಕ್ಕಿ ಹಣ ರಿಟರ್ನ್ ಸಲ್ಲಿಸಿ ವಾಪಸ್ ಬರುವವರೆಗೆ ಸಿಕ್ಕಿಕೊಳ್ಳುತ್ತದೆ. ದುಬೈಯಿಂದ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಅದು ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಣವಾಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಆಗಬೇಕು. ಬರೀ ಜಿಪಿಎ ಬರೆದುಕೊಟ್ಟು 'ಮಾರಿದೆವು' ಎಂದರೆ ಮಾಲೀಕತ್ವ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಬೆಲೆ ಹೇಳುವಾಗ

ಕೊಳ್ಳುವವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾನೆ ಎಂಬುದು ಗೊತ್ತಿರಲಿ. 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಶೇ. 2 ಸೇರಿಸಿ ಶೇ. 7.6. 80 ಲಕ್ಷದ ಮನೆಗೆ ಇದೇ 6 ಲಕ್ಷದ 8 ಸಾವಿರ. ಇದನ್ನು ಉಳಿಸಲು 'ಸ್ವಲ್ಪ ಕ್ಯಾಶ್‌ನಲ್ಲಿ ಕೊಡ್ತೇವೆ, ಪತ್ರದಲ್ಲಿ ಕಡಿಮೆ ತೋರಿಸೋಣ' ಎನ್ನುವವರು ಬಂದೇ ಬರುತ್ತಾರೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಬೀಳುವುದು ಹಣ ಪಡೆದವರಿಗೆ, ಅಂದರೆ ಮಾರುವವರಿಗೆ. ಹತ್ತು ಜನರ ಮುಂದೆ ಒಂದೇ ಬೆಲೆ ಹೇಳಿ, ಹಣ ಬ್ಯಾಂಕ್ ಮೂಲಕ ಮಾತ್ರ ಎಂದುಬಿಟ್ಟರೆ ಇಂಥ ಮಾತು ತಾನಾಗಿ ಕಡಿಮೆಯಾಗುತ್ತದೆ. ತೆರೆದ ಮನೆಯ ನಿಜವಾದ ಲಾಭಗಳಲ್ಲಿ ಇದೂ ಒಂದು.

ಬೆಲೆ ಗೊತ್ತು ಮಾಡುವಾಗ ನೆಂಟರು ಹೇಳಿದ್ದನ್ನು ನಂಬಬೇಡಿ. ಸರ್ಕಾರದ ಮಾರ್ಗಸೂಚಿ ಬೆಲೆ ನೋಡಿ. ಅದು ಮಾರುಕಟ್ಟೆ ಬೆಲೆಯಲ್ಲ, ಆದರೆ ನೆಲ ಎಲ್ಲಿದೆ ಎಂದು ತೋರಿಸುತ್ತದೆ. ಅದೇ ರಸ್ತೆಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಮೂರು ನಾಲ್ಕು ಮನೆಗಳ ಬೆಲೆ ಕೇಳಿ. ವಿಪರೀತ ಬೆಲೆ ಹೇಳಿ ಆರು ತಿಂಗಳು ಬೋರ್ಡ್ ನೇತಾಡಿದರೆ 'ಈ ಮನೆಯಲ್ಲಿ ಏನೋ ತೊಂದರೆ ಇದೆ' ಎಂಬ ಮಾತು ಹುಟ್ಟುತ್ತದೆ. ಆಮೇಲೆ ನ್ಯಾಯವಾದ ಬೆಲೆಗೂ ಯಾರೂ ಬರುವುದಿಲ್ಲ. ಎರಡು ಮೂರು ಭಾನುವಾರ ಜನ ಬಂದು ನೋಡಿ, ಯಾರೂ ಬೆಲೆಯ ಮಾತೇ ಎತ್ತದಿದ್ದರೆ ಆ ಮೌನವೇ ಉತ್ತರ. ಮನೆ ಸರಿ ಇದೆ, ಬೆಲೆ ಹೆಚ್ಚಾಗಿದೆ ಎಂದು ತಿಳಿಯಿರಿ.

ಹಾಗಾದರೆ ಓಪನ್ ಹೌಸ್ ಮನೆ ಮಾರಿಕೊಡುತ್ತದೆಯೇ? ಅದು ತಾನಾಗಿ ಮಾರಿಕೊಡುವುದಿಲ್ಲ. ಕಾಗದ ಸರಿ ಇರುವ, ವಾರಸುದಾರರೆಲ್ಲ ಒಪ್ಪಿರುವ, ನ್ಯಾಯವಾದ ಬೆಲೆಯ ಮನೆಗೆ ಅದು ಎರಡನೇ ಗಿರಾಕಿಯನ್ನು ತಂದುಕೊಡಬಹುದು. ಆ ಎರಡನೇ ಗಿರಾಕಿಯೇ ಮಾರುವವನ ಬಲ. ಇವು ಮೂರೂ ಇಲ್ಲದ ಮನೆಗೆ ತೆರೆದ ಬಾಗಿಲು ಬರೀ ಧೂಳು ತರುತ್ತದೆ. ಈ ವರ್ಷ ಮನೆ ಮಾರುವ ಯೋಚನೆ ಇರುವವರು ಮೊದಲು ಅಣ್ಣ ತಮ್ಮ ಅಕ್ಕ ತಂಗಿಯರನ್ನೆಲ್ಲ ಒಂದು ಕಡೆ ಕೂರಿಸಿ, ಗಲ್ಫ್‌ನಲ್ಲಿರುವವರನ್ನು ಫೋನಿನಲ್ಲಿ ಸೇರಿಸಿ, ಯಾರ ಪಾಲು ಎಷ್ಟು ಎಂದು ಕಾಗದದ ಮೇಲೆ ಬರೆಯಿರಿ. ಮರುದಿನ ಇ-ಖಾತಾಕ್ಕೆ ಅರ್ಜಿ ಹಾಕಿ. ಬೋರ್ಡ್ ಬರೆಸುವ ಕೆಲಸ ಅದರ ನಂತರದ್ದು.